ಚುಕ್ಕೆರಾಯರ ಕುರಿಮಂದೆ

ಚಳಿ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಪೂರ್ತಿ ಮುಂದೆ ಬಂದಿರಲಿಲ್ಲ. ಕಾರ್ಖಾನೆಯ ಹಿಂದಿನ ಹೊಲದ ಬದುವಿನಲ್ಲಿ ಮುಳ್ಳುಪೊದೆಗಳ ಕಾಯಿಗಳು ಹಣ್ಣಾಗಿ, ಅವನ್ನು ತಿಂದ ಹಕ್ಕಿಗಳ ಕೊಕ್ಕೆಲ್ಲ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆಳಗಿನ ಮಂಜು ಆರುವಷ್ಟರಲ್ಲಿ ಒಗೆದ ಹಾಸುಬಟ್ಟೆಗಳನ್ನು ಅಂಗಳದ ಹಗ್ಗಗಳಿಗೆ ಹರವಿ, ಮುದ್ರಣದ ಮೇಜು ಒರೆಸಿ, ಬಣ್ಣದ ತೊಟ್ಟಿಗಳ ಮುಚ್ಚಳ ತೆಗೆದು, ಬಟ್ಟೆಗೆ ಬಣ್ಣ ಹಿಡಿಸುವ ಹಬೆ ಕೋಣೆಯ ಒಲೆ ಹೊತ್ತಿಸಿಯಾಗಿತ್ತು. ಅಂಗಳದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳ ಮೇಲೆ ಹಕ್ಕಿಗಳು ಕೂತು ತಮ್ಮ ಕೆಲಸ ಶುರುಮಾಡಿದ್ದವು. ಕೆಳಗಿನ ಬಟ್ಟೆಗಳ ಮೇಲೆ ಅವು ಏನು ಉದುರಿಸಿದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ಬಟ್ಟೆಗಳ ತುಂಬ ಮೊದಲೇ ಚುಕ್ಕೆಗಳಿದ್ದವು. ಇದ್ದ ಸಾವಿರದಲ್ಲಿ ಹಕ್ಕಿಯದೊಂದು ಸೇರಿಕೊಂಡರೆ ಪತ್ತೆ ಹಚ್ಚುವವರು ಯಾರು?

ಆ ಸಾವಿರ ಚುಕ್ಕೆಗಳ ಕರ್ತೃ ಹಬೆ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಹಾಸುಬಟ್ಟೆಗಳಿಗೆ ನಕ್ಷೆ ಬರೆಯುವುದು ಅವರ ಕೆಲಸ. ಹೂವು ಬರೆಯಿರಿ ಎಂದರೆ ಚುಕ್ಕೆ ಬರೆಯುತ್ತಿದ್ದರು, ಬಳ್ಳಿ ಬರೆಯಿರಿ ಎಂದರೆ ಚುಕ್ಕೆಗಳನ್ನು ಸಾಲಾಗಿ ಬರೆಯುತ್ತಿದ್ದರು. ಹಾಗಾಗಿ ಎಲ್ಲರ ಬಾಯಲ್ಲೂ ಚುಕ್ಕೆರಾಯರು. ತಂದೆತಾಯಿ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು. ಗೋಡೆಯ ಆಚೆ ಹಬೆ ಕುದಿಯುತ್ತಿದ್ದರೆ ಈಚೆ ರಾಯರು ಬೇಯುತ್ತಿದ್ದರು. ಅಂಗಿಯ ಬೆನ್ನು ಒಣಗಿದ್ದನ್ನು ಯಾರೂ ನೋಡಿರಲಿಲ್ಲ. ಅಂಗಿಯ ಒಳಗೆ ಬೆನ್ನ ತುಂಬ ಬೆವರುಸಾಲೆ. "ನೀವು ಇಷ್ಟು ವರ್ಷ ಬರೆದಿದ್ರಲ್ಲಿ ಇದೊಂದೇ ಚೆನ್ನಾಗಿ ಬಂದಿರೋದು" ಎಂದು ಹೆಂಡತಿ ಪುಡಿ ಹಚ್ಚುವಾಗ ಹೇಳುತ್ತಿದ್ದಳು.

ರಾಯರು ಕೂತ ಕೋಣೆಯ ಎದುರು ತುದಿಯಲ್ಲಿ, ಅಂಗಳದ ಕಡೆಗೆ ತೆರೆದುಕೊಂಡ ಒಂದು ಕಿಟಕಿ. ಕಿಟಕಿಯ ಕೆಳಗೆ ಮೇಜು, ಮೇಜಿನ ಮುಂದೆ ಒಳ್ಳೆಯ ಕುರ್ಚಿ, ಕುರ್ಚಿಯ ಮೇಲೆ ಹಳೆಯ ಮಾದರಿ ಬಟ್ಟೆಗಳ ಗಂಟು. ಗಂಟಿಗೆ ಗಾಳಿ ಬೇಕು, ಇಲ್ಲದಿದ್ದರೆ ಮುಗ್ಗುತ್ತದೆ ಎಂಬುದು ಯಜಮಾನರ ವಾದ. ರಾಯರು ಮುಗ್ಗುತ್ತಾರೆ ಎಂಬ ವಾದವನ್ನು ಯಾರೂ ಹೂಡಿರಲಿಲ್ಲ. ಆ ಗಂಟನ್ನು ನೋಡಿ ರಾಯರು ಪಟ್ಟ ಹೊಟ್ಟೆಕಿಚ್ಚನ್ನು ಬೇರೆ ಯಾವ ಮನುಷ್ಯನನ್ನು ನೋಡಿಯೂ ಪಟ್ಟವರಲ್ಲ.

ಆದರೆ ಹಿಂದಿನ ಸಂಜೆ ಅದೃಷ್ಟ ಖುಲಾಯಿಸಿತ್ತು. ಯಜಮಾನರು ಮನೆಗೆ ಹೊರಡುವ ಮುನ್ನ ರಾಯರ ಕಂಪ್ಯೂಟರಿನ ಪರದೆಯತ್ತ ಕಣ್ಣು ಹಾಯಿಸಿ, ಚಪ್ಪಲಿ ಮೆಟ್ಟುತ್ತಿದ್ದವರು ಒಂದೇ ಕಾಲಲ್ಲಿ ನಿಂತುಬಿಟ್ಟಿದ್ದರು. ಬಿಳಿಯ ಮೇಲೆ ನೇರಳೆ ಚುಕ್ಕೆಗಳು. ಒಂದು ಇನ್ನೊಂದಕ್ಕೆ ತಾಗಿರಲಿಲ್ಲ, ಒಂದರಿಂದೊಂದು ದೂರವೂ ಇರಲಿಲ್ಲ. ಸಾಲು ಎಂದುಕೊಂಡು ಕಣ್ಣು ಹಿಂಬಾಲಿಸಿದರೆ ಸಾಲು ಮೆಲ್ಲಗೆ ಬಳುಕಿ ಇನ್ನೊಂದು ಸಾಲಿನೊಳಕ್ಕೆ ಹೋಗಿಬಿಡುತ್ತಿತ್ತು. ನೋಡುತ್ತಿದ್ದರೆ ಬಟ್ಟೆಯೇ ಉಸಿರಾಡುತ್ತಿದೆ ಎನ್ನಿಸಬೇಕು.

"ನಾಳೆ ಮಧ್ಯಾಹ್ನ ದೊಡ್ಡಂಗಡಿಯಮ್ಮ ಬರ್ತಾರೆ" ಎಂದರು ಯಜಮಾನರು, ಇನ್ನೊಂದು ಕಾಲನ್ನು ನೆಲಕ್ಕೆ ಇಳಿಸಿ. "ಅವರು ಒಪ್ಪಿದ್ರೆ ಆ ಕಿಟಕಿ ನಿಮ್ದು ಕಣ್ರೀ. ಎಲ್ರೂ ಕೇಳಿಸ್ಕೊಳ್ಳಿ. ಮಾತಂದ್ರೆ ಮಾತು."

ಆ ರಾತ್ರಿ ರಾಯರು ಬೆನ್ನಿಗೆ ಪುಡಿ ಹಚ್ಚಿಸಿಕೊಳ್ಳಲಿಲ್ಲ. ಇನ್ನು ಅದರ ಅಗತ್ಯ ಬೀಳುವುದಿಲ್ಲ ಎಂದು ಹೆಂಡತಿಗೆ ತಿಳಿಸಿದರು.

ನಿಜ ಹೇಳಬೇಕೆಂದರೆ ಆ ನಕ್ಷೆಯನ್ನು ರಾಯರು ಬರೆದದ್ದಲ್ಲ. ಯಾರೂ ಬರೆದದ್ದಲ್ಲ. ಗಣಿತ ಓದುವ ಮಗಳು ರಜೆಗೆ ಬಂದಾಗ ಅಪ್ಪನ ಕಷ್ಟ ನೋಡಲಾರದೆ ಕಂಪ್ಯೂಟರಿಗೆ ಒಂದು ಪ್ರೋಗ್ರಾಮು ಹಾಕಿಕೊಟ್ಟು ಹೋಗಿದ್ದಳು. "ಅಪ್ಪಾ, ಇದನ್ನ ಒಂದು ಬಯಲು ಅಂತ ತಿಳ್ಕೋ" ಎಂದು ಶುರುಮಾಡಿದ್ದಳು ಅವಳು. "ಎಲ್ಲ ಕಡೆ ಹುಲ್ಲು ತನ್ನ ಪಾಡಿಗೆ ಬೆಳೀತಾ ಇರುತ್ತೆ. ಎರಡು ಕುರಿ ಇರೋ ಜಾಗದಲ್ಲಿ ಹುಲ್ಲು ಸಿಕ್ಕಿದ್ರೆ, ಆ ಹುಲ್ಲು ಮೂರನೇ ಕುರಿ ಆಗುತ್ತೆ. ಕುರಿಗಳು ಆಗಾಗ ಸಾಯ್ತಾವೆ. ಹುಲ್ಲೂ ಕುರೀನೂ ಅಕ್ಕಪಕ್ಕಕ್ಕೆ ಹರಡ್ತಾವೆ. ಅಷ್ಟೇ ನಿಯಮ." ಇಷ್ಟನ್ನೇ ಅವಳು ಎರಡು ಸಮೀಕರಣ ಮಾಡಿದ್ದಳು. ಯಾವುದು ಎಷ್ಟು ಬೇಗ ಬದಲಾಗುತ್ತದೆ ಎಂದು ಹೇಳುವ ಸಮೀಕರಣಗಳಂತೆ ಅವು. ಕಂಪ್ಯೂಟರು ಬಯಲನ್ನು ಸಣ್ಣ ಸಣ್ಣ ಚೌಕಗಳಾಗಿ ಹೆಚ್ಚಿಕೊಂಡು, ಹೊತ್ತನ್ನೂ ಸಣ್ಣ ಸಣ್ಣ ಹೆಜ್ಜೆಗಳಾಗಿ ಹೆಚ್ಚಿಕೊಂಡು, ಹೆಜ್ಜೆಗೊಮ್ಮೆ ಯಾವ ಚೌಕದಲ್ಲಿ ಹುಲ್ಲೆಷ್ಟು ಕುರಿಯೆಷ್ಟು ಎಂದು ಲೆಕ್ಕ ಹಾಕುತ್ತಿತ್ತು. ಕುರಿ ಹೆಚ್ಚಿದ್ದ ಕಡೆ ನೇರಳೆ, ಹುಲ್ಲು ಹೆಚ್ಚಿದ್ದ ಕಡೆ ಬಿಳಿ. ಮೊದಲ ಕುರಿಗಳನ್ನು ಮಾತ್ರ ಮೌಸ್ ಒತ್ತಿ ಬಯಲಿಗೆ ಬಿಡಬೇಕಿತ್ತು.

ಕುರಿಯೊಂದಕ್ಕೂ ತಾನು ನಕ್ಷೆ ಬಿಡಿಸುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ಪಕ್ಕದ ಚೌಕ ಬಿಟ್ಟು ಆಚೆಗೆ ಅವು ನೋಡುತ್ತಲೂ ಇರಲಿಲ್ಲ. ಆದರೂ ಬಯಲಿನ ತುಂಬ ಚುಕ್ಕೆಗಳೆದ್ದು, ಉಬ್ಬಿ, ನಡುವೆ ಸೊಂಟ ಸಣ್ಣದಾಗಿ, ಒಂದು ಎರಡಾಗಿ, ಎರಡು ನಾಲ್ಕಾಗಿ ಹೊರಡುತ್ತಿದ್ದವು. ಬುದ್ಧಿಯಿಲ್ಲದವರು ಅಕ್ಕಪಕ್ಕ ಮಾತ್ರ ನೋಡಿಕೊಂಡು ಇಷ್ಟು ದೊಡ್ಡ ವ್ಯವಸ್ಥೆ ನಡೆಸಬಹುದು ಎಂಬುದು ರಾಯರಿಗೆ ಹೊಸದಾಗಿ ಕಾಣಲಿಲ್ಲ. ಈ ಕಾರ್ಖಾನೆಯಲ್ಲಿ ಅವರ ಅರ್ಧ ಆಯುಸ್ಸು ಕಳೆದಿತ್ತು.

ಸಿಕ್ಕಿದ ಭಾಗ್ಯವನ್ನು ಅವರು ಜೋಪಾನವಾಗಿಯೇ ಕಾದಿಟ್ಟಿದ್ದರು. ಸಂಜೆ ಕುರಿಗಳನ್ನು ನಿಲ್ಲಿಸಿ, ಪರದೆಯ ಮೇಲೆ ಧೂಳು ಬೀಳದಂತೆ ಶುಭ್ರ ಬಟ್ಟೆ ಮುಚ್ಚಿ, ಮೇಲೆ "ಮುಟ್ಟಬಾರದು" ಎಂದು ಬರೆದ ರಟ್ಟಿನ ಚೂರನ್ನು ಸಿಕ್ಕಿಸಿದ್ದರು. ಕಾಗದದ ಮೇಲೆ ಬರೆದ ನಕ್ಷೆಗಳನ್ನು ಅವರು ಕಾಪಾಡಿದ್ದು ಹೀಗೆಯೇ, ಒಂದೂ ಎಲ್ಲಿಗೂ ಹೋಗಿರಲಿಲ್ಲ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದರೆ ಸಾಲದು, ಒಳಗೆ ಪ್ರತಿ ಉಳಿಸಿಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮಗಳು ಹೇಳಿದ್ದಳು. ಅಪ್ಪ ಆಗ ಬೆನ್ನು ಕೆರೆದುಕೊಳ್ಳುತ್ತಿದ್ದರು.

ಬೆಳಿಗ್ಗೆ ರಾಯರು ಬಟ್ಟೆ ಸರಿಸಿ ಚುಕ್ಕೆಗಳ ಮುಖ ನೋಡಿ ತೃಪ್ತಿಪಡುತ್ತಿದ್ದಾಗ ಭಾವಮೈದುನ ಬಂದ. ಯಜಮಾನರ ಹೆಂಡತಿಯ ತಮ್ಮ ಎಂಬುದೇ ಅವನ ವಿದ್ಯೆ, ಅನುಭವ ಮತ್ತು ಹುದ್ದೆ. ಹಾಗಾಗಿ ಇಡೀ ಕಾರ್ಖಾನೆಗೆ ಅವನು ಭಾವಮೈದುನ. ಯಜಮಾನರು ಒಂದು ಮಾತು ಹೇಳಿ ಕಳಿಸಿದ್ದಾರೆ ಎಂದ. ನೇರಳೆ ಬಣ್ಣ ದುಬಾರಿ, ಚುಕ್ಕೆ ಒಂದು ಕೂದಲೆಳೆಯಷ್ಟು ಸಣ್ಣದಾಗಲಿ.

"ಕೂದಲೆಳೆ ತಾನೆ" ಎಂದರು ರಾಯರು.

ಆ ದಿನದ ಅನಾಹುತಕ್ಕೆಲ್ಲ ಮೂಲ ಆ ಮಾತು. ಕುರಿಗಳು ಎಷ್ಟು ಬೇಗ ಸಾಯಬೇಕು ಎಂಬ ಅಂಕಿಯ ಬಾಲದ ತುದಿಯನ್ನು ಅವರು ಒಂದಿಷ್ಟೇ ಏರಿಸಿ ಗುಂಡಿ ಒತ್ತಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂಲೆಯ ಒಂದು ಚುಕ್ಕೆ ಮೈಮುರಿದು ಉದ್ದವಾಯಿತು. ಅದನ್ನು ನೋಡಿ ಪಕ್ಕದ್ದೂ ಉದ್ದವಾಯಿತು. ಭಾವಮೈದುನ ತಲೆ ಕೆರೆದು ಮುಗಿಸುವಷ್ಟರಲ್ಲಿ ಚುಕ್ಕೆಗಳೆಲ್ಲ ಹುಳುಗಳಾಗಿ, ಹುಳುಗಳು ಒಂದಕ್ಕೊಂದು ಬಾಲ ಕೊಟ್ಟು, ಪರದೆಯ ತುಂಬ ಕುರಿಯ ಕರುಳು ಹರವಿದ ಹಾಗಾಯಿತು.

ರಾಯರು ಅಂಕಿಯನ್ನು ಮೊದಲಿದ್ದಲ್ಲಿಗೇ ತಂದರು. ಕರುಳುಗಳು ಕದಲಲಿಲ್ಲ. ಅಲ್ಲಲ್ಲಿ ತುಂಡಾದವು, ತುಂಡುಗಳು ಓರೆಕೋರೆಯಾಗಿ ಬಿದ್ದುಕೊಂಡವು. ನಿಯಮ ನಿನ್ನೆಯದೇ, ಅಂಕಿ ನಿನ್ನೆಯದೇ, ಚಿತ್ರ ಮಾತ್ರ ಕಸ ಗುಡಿಸಿ ಮೂಲೆಗೆ ತಳ್ಳಿದ ಹಾಗಿತ್ತು.

ಬಣ್ಣದಜ್ಜ ಅಷ್ಟರಲ್ಲಿ ಬೋಗುಣಿಯಲ್ಲಿ ನೇರಳೆ ಕಲಸಿಕೊಂಡು ಬಂದ. ಮುದುಕ ಕಾರ್ಖಾನೆಯಷ್ಟೇ ಹಳಬ, ಮಾತು ಕಡಿಮೆ. ಆಡಿದ ಮಾತು ಯಾರಿಗೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಪರದೆಯನ್ನು ಬಹಳ ಹೊತ್ತು ನೋಡಿ, "ಇದಕ್ಕೆ ಕೆಂಪು ಸರಿ" ಎಂದ.

ಹಿಂದೆಯೇ ಲೆಕ್ಕದಮ್ಮ ಬಂದರು. ಲೆಕ್ಕಪತ್ರ ನೋಡುವ ಆಕೆಗೆ ಈ ಕೋಣೆಯಲ್ಲಿ ಕೆಲಸವೇನೂ ಇರಲಿಲ್ಲ, ಬೇರೆಯವರ ಕೋಣೆಯಲ್ಲಿ ಏನೋ ಕೆಟ್ಟಿದೆ ಎಂಬ ಸುಳಿವೇ ಸಾಕಾಗಿತ್ತು. ಕುರ್ಚಿ ಎಳೆದುಕೊಂಡು ಕೂತು, ಇದು ಹೀಗಾಗುತ್ತದೆ ಎಂದು ತನಗೆ ನಿನ್ನೆಯೇ ಅನ್ನಿಸಿತ್ತು ಎಂದು ತಿಳಿಸಿದರು.

ರಾಯರು ಮಗಳಿಗೆ ಫೋನು ಮಾಡಿದರು. ಅವಳು ತರಗತಿಗೆ ಓಡುತ್ತಿದ್ದಳು. ಅಪ್ಪನ ಬೆರಳು ಯಾವ ಗುಂಡಿಗೆ ತಾಗಿತೋ, ಅವಳ ದನಿ ಕೋಣೆಗೆಲ್ಲ ಕೇಳುವಂತಾಯಿತು. ಮೊದಲು ಅವಳು ಉಳಿಸಿಟ್ಟುಕೊಂಡಿದ್ದೀಯಾ ಎಂದು ಕೇಳಿದಳು. ಬಟ್ಟೆ ಮುಚ್ಚಿದ್ದೆ ಎಂದರು ರಾಯರು. ಆ ಕಡೆ ಓಟ ನಿಂತಿತು.

"ಅಪ್ಪಾ, ನಿಯಮ ಸುಲಭ ಅಂತ ಚಿತ್ರ ಸುಲಭ ಅಲ್ಲ. ಎಲ್ಲಿಂದ ಶುರುವಾಯ್ತು ಅನ್ನೋದ್ರ ಮೇಲೆ ಹೋಗುತ್ತೆ ಅದು. ನಿನ್ನೆ ಮೊದಲ ಕುರಿಗಳನ್ನ ಬಯಲಲ್ಲಿ ಎಲ್ಲೆಲ್ಲಿ ಬಿಟ್ಟೆ ಹೇಳು. ಅಲ್ಲಲ್ಲೇ ಬಿಟ್ರೆ ಮತ್ತೆ ಅದೇ ಬರುತ್ತೆ."

ಕೋಣೆಯಲ್ಲಿದ್ದವರೆಲ್ಲ ಉತ್ತರಕ್ಕೆ ಕಿವಿ ನೆಟ್ಟಿದ್ದರು.

"ಗೊತ್ತಿಲ್ಲ ಮಗಳೇ. ಊಟ ಆಗಿತ್ತು. ಕೈ ಮೌಸ್ ಮೇಲಿತ್ತು. ಕಣ್ಣು ಹತ್ತಿಬಿಡ್ತು."

"ನಿದ್ದೇಲಿ ಬಿಟ್ಯಾ?"

"ಎದ್ದಾಗ ಚುಕ್ಕೆ ಇತ್ತು" ಎಂದರು ರಾಯರು ಸಣ್ಣ ದನಿಯಲ್ಲಿ. ಮಗಳು ಏನೋ ಹೇಳಹೊರಟಳು. ಫೋನು ಅಷ್ಟಕ್ಕೇ ಪ್ರಾಣ ಬಿಟ್ಟಿತು.

ಎಷ್ಟೋ ವರ್ಷಗಳಿಂದ "ಯೋಚನೆ ಮಾಡ್ತಿದ್ದೆ" ಎಂಬ ಹೆಸರಿನಲ್ಲಿ ಕಾಪಾಡಿಕೊಂಡು ಬಂದಿದ್ದ ಮಧ್ಯಾಹ್ನದ ಗುಟ್ಟು ಹೀಗೆ ಮೂರು ಜನರ ಎದುರು ಬಯಲಿಗೆ ಬಿತ್ತು. ಬೇರೆ ದಿನವಾಗಿದ್ದರೆ ಭಾವಮೈದುನ ಅದನ್ನು ಅಕ್ಕನವರೆಗೂ ಒಯ್ಯುತ್ತಿದ್ದ. ಇವತ್ತು ಅವನ ಮುಖ ಅರಳಿತು. ಚುಕ್ಕೆ ಸಣ್ಣದು ಮಾಡಿಸಿದ್ದು ತಾನು ಎಂಬುದು ಅವನಿಗೂ ನೆನಪಿತ್ತು.

"ಹಾಗಾದ್ರೆ ತೊಂದರೆ ಏನು? ಮತ್ತೆ ನಿದ್ದೆ ಮಾಡಿ. ಇದು ಆಫೀಸಿನ ಆರ್ಡರ್ ಅಂತ ತಿಳ್ಕೊಳ್ಳಿ."

ಬಯಲನ್ನು ಅಳಿಸಿ ಹುಲ್ಲು ತುಂಬಲಾಯಿತು. ರಾಯರನ್ನು ನಿನ್ನೆ ಕೂತಂತೆಯೇ ಕೂರಿಸಲಾಯಿತು. ಊಟಕ್ಕೆ ಇನ್ನೂ ಹೊತ್ತಿದ್ದರೂ ಅವರ ಡಬ್ಬಿಯನ್ನು ಬಿಚ್ಚಿಸಿ ತಿನ್ನಿಸಲಾಯಿತು, ಸಾಲದೆಂದು ಲೆಕ್ಕದಮ್ಮ ತಮ್ಮ ಡಬ್ಬಿಯನ್ನೂ ತ್ಯಾಗ ಮಾಡಿದರು. ಬಣ್ಣದಜ್ಜ ದೀಪ ಆರಿಸಿದ. ಕೈಯನ್ನು ಮೌಸಿನ ಮೇಲಿಟ್ಟು ರಾಯರು ಕಣ್ಣು ಮುಚ್ಚಿದರು. ಕದ್ದು ಮಾಡುವಾಗ ಕರೆಯದೆ ಬರುತ್ತಿದ್ದ ನಿದ್ದೆ, ಅಪ್ಪಣೆಯಾದ ಮೇಲೆ ಹೊಸಿಲಲ್ಲೇ ನಿಂತಿತು. ಸುತ್ತ ಮೂವರು ಉಸಿರು ಬಿಗಿಹಿಡಿದು ಅವರ ರೆಪ್ಪೆಯನ್ನೇ ನೋಡುತ್ತಿದ್ದರು. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಭಾವಮೈದುನ ಆಗಾಗ ಬಗ್ಗಿ ಕಿವಿಯಲ್ಲಿ "ಬಂತಾ?" ಎಂದು ಕೇಳುತ್ತಿದ್ದ.

"ಬರೋದ್ರಲ್ಲಿತ್ತು" ಎನ್ನುತ್ತಿದ್ದರು ರಾಯರು.

"ಮನಸ್ಸಿಟ್ಟು ಮಲಗಿ. ನಿಮಗೆ ಯಾವ ಕೆಲಸದಲ್ಲೂ ಶ್ರದ್ಧೆ ಇಲ್ಲ."

ಈ ನಡುವೆ ಸುದ್ದಿ ಕೋಣೆಯಿಂದ ಹೊರಟಿತ್ತು. ಕಾರ್ಖಾನೆಯಲ್ಲಿ ಸುದ್ದಿ ಹರಡಲು ದೊಡ್ಡ ಏರ್ಪಾಡೇನೂ ಇರಲಿಲ್ಲ. ಕೇಳಿದ್ದನ್ನು ಪಕ್ಕದವರಿಗೆ ಹೇಳಬೇಕು, ಹೇಳುವಾಗ ಒಂದು ಚಿಟಿಕೆ ಸೇರಿಸಬೇಕು, ಇಷ್ಟೇ. ಬೋಗುಣಿ ತೊಳೆಯಲು ಹೋದ ಬಣ್ಣದಜ್ಜ, ಚುಕ್ಕೆರಾಯರ ಕುರಿಗಳು ಕೆಟ್ಟುಹೋದವು ಎಂದು ತೊಟ್ಟಿಯವರಿಗೆ ಹೇಳಿದ. ರಾಯರ ಕುರಿಗಳಿಗೆ ಕಾಯಿಲೆಯಂತೆ ಎಂದು ತೊಟ್ಟಿಯವರು ಹಬೆಯವರಿಗೆ ಹೇಳಿದರು. ಹಬೆಯವರ ಹತ್ತಿರ ಕುರಿಗಳು ಸಾಯತೊಡಗಿದವು. ಮಡಿಸುವ ಹೆಂಗಸರ ಹತ್ತಿರ ಮಂದೆಯೇ ಸತ್ತಿತು. ಬಾಗಿಲು ಕಾಯುವವನ ಬಳಿ ಅದು ಬರುವ ಹೊತ್ತಿಗೆ, ರಾಯರು ಹೆಂಡತಿಯ ಒಡವೆ ಮಾರಿ ಗುಟ್ಟಾಗಿ ಸಾಕಿದ್ದ ಮಂದೆ ಒಂದೇ ರಾತ್ರಿಯಲ್ಲಿ ಮಲಗಿಬಿಟ್ಟು, ಅವರು ಊಟವನ್ನೂ ಬಿಟ್ಟು, ಕತ್ತಲೆ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಊಟ ಬಿಟ್ಟದ್ದೊಂದು ಬಿಟ್ಟರೆ, ಕಿಂಡಿಯಿಂದ ಇಣುಕಿದವರಿಗೆ ಕಂಡದ್ದು ಹಾಗೆಯೇ ಇತ್ತು. ಆದ್ದರಿಂದ ಉಳಿದದ್ದನ್ನೂ ನಂಬಲು ಯಾರಿಗೂ ಕಷ್ಟವಾಗಲಿಲ್ಲ.

ಯಜಮಾನರು ಬಾಗಿಲು ತಳ್ಳಿಕೊಂಡು ಬಂದು ದೀಪ ಹಾಕಿದರು. ನಿದ್ದೆ ಆಗತಾನೆ ಹೊಸಿಲು ದಾಟುತ್ತಿತ್ತು. ರಾಯರ ಕೈ ಜಾರಿ, ಬಯಲಿನ ಒಂದೇ ಜಾಗಕ್ಕೆ ಲೆಕ್ಕವಿಲ್ಲದಷ್ಟು ಕುರಿಗಳು ಬಿದ್ದವು.

"ನಿಮಗೆ ಕುರಿ ಸಾಕೋಕೆ ಹೊತ್ತು ಎಲ್ಲಿಂದ ಬಂತ್ರೀ?" ಎಂದು ಕೇಳಿದರು ಯಜಮಾನರು. "ನಮ್ಮ ಕೆಲಸದ ಹೊತ್ತಲ್ಲಿ ಮೇಯಿಸ್ತಿದ್ರಾ?"

ರಾಯರು ವಿವರಿಸಲು ಹೊರಟರು. ಇವು ಹುಲ್ಲು ತಿನ್ನುವ ಕುರಿಗಳಲ್ಲ, ತಿನ್ನುತ್ತವೆ, ಆದರೆ ಹುಲ್ಲು ನಿಜದ ಹುಲ್ಲಲ್ಲ ಎಂದರು. ದುಃಖದಲ್ಲಿ ಮಾತು ತಪ್ಪುತ್ತದೆ ಎಂದು ಯಜಮಾನರು ಅರ್ಥ ಮಾಡಿಕೊಂಡರು. ಆದದ್ದಾಯಿತು, ನಿನ್ನೆಯ ನಕ್ಷೆಯನ್ನು ಬಟ್ಟೆಗೆ ಇಳಿಸಿ ಸಿದ್ಧವಾಗಿಡಿ, ದೊಡ್ಡಂಗಡಿಯಮ್ಮ ದಾರಿಯಲ್ಲಿದ್ದಾರೆ, ನಿನ್ನೆಯದೇ ಬೇಕು, ಬೇರೆ ಯಾವುದೂ ಬೇಡ ಎಂದು ಹೇಳಿ ಹೋದರು. ಹೋಗುವಾಗ ಕಿಟಕಿಯ ಕಡೆ ಬೆರಳನ್ನೂ ತೋರಿಸಿದರು. ಗಂಟು ಕುರ್ಚಿಯ ಮೇಲೆ ನೆಮ್ಮದಿಯಾಗಿ ಕೂತು ಗಾಳಿ ತಗೊಳ್ಳುತ್ತಿತ್ತು.

ಪರದೆಯ ನಡುವೆ ಈಗ ಒಂದೇ ಒಂದು ದೊಡ್ಡ ನೇರಳೆ ಉಂಡೆ. ಅದರ ಅಂಚಿನಿಂದ ಹೊಸ ಚುಕ್ಕೆಗಳು ಮೊಳೆಯುತ್ತಿದ್ದವು, ಅದೂ ನಿಧಾನವಾಗಿ, ಸರ್ಕಾರಿ ಕಡತದ ಹಾಗೆ. ಬಯಲು ತುಂಬಲು ಸಂಜೆಯಾದೀತು.

"ಇಷ್ಟು ಸಣ್ಣ ಹೆಜ್ಜೆ ಯಾಕೆ ಇಡುತ್ತೆ ಇದು?" ಎಂದು ಭಾವಮೈದುನ ಕೇಳಿದ. ಹೆಜ್ಜೆ ಸಣ್ಣದಿದ್ದರೇ ಲೆಕ್ಕ ಸರಿ ಬರುವುದು, ದೊಡ್ಡದು ಮಾಡಬೇಡ ಎಂದು ಮಗಳು ಹೇಳಿದ್ದು ರಾಯರಿಗೆ ನೆನಪಿತ್ತು. ಅದನ್ನು ಹೇಳಿದರು.

"ನಿಮ್ಮ ಮಗಳು ಕಾಲೇಜಲ್ಲಿ ಕೂತು ಹೇಳ್ತಾಳೆ. ಇಲ್ಲಿ ಗಿರಾಕಿ ಬಾಗಿಲಲ್ಲಿದ್ದಾರೆ. ನೀವು ಬಸ್ಸು ಹಿಡಿಯೋಕೆ ಓಡುವಾಗ ಹೆಜ್ಜೆ ದೊಡ್ಡದು ಇಡಲ್ವಾ?" ಎಂದು ಅವನೇ ಬಗ್ಗಿ ಹೆಜ್ಜೆಯ ಅಂಕಿಗೆ ಸೊನ್ನೆಯೊಂದನ್ನು ತಗುಲಿಸಿದ. ತಡವಾಗಬಾರದೆಂದು ಬಟ್ಟೆ ಮುದ್ರಿಸುವ ಯಂತ್ರವನ್ನೂ ಚಾಲೂ ಮಾಡಿಬಿಟ್ಟ. ಪರದೆಯಲ್ಲಿ ಬಂದದ್ದು ಬಂದಂತೆ ಬಟ್ಟೆಗೆ ಇಳಿಯಲಿ ಎಂದು.

ಕುರಿಗಳು ಒಂದು ದೊಡ್ಡ ಹೆಜ್ಜೆ ಇಟ್ಟವು. ಆ ಹೆಜ್ಜೆಯೊಳಗೆ ಅವು ಇದ್ದ ಹುಲ್ಲನ್ನೆಲ್ಲ ಮೇಯ್ದು, ಇಲ್ಲದ ಹುಲ್ಲನ್ನೂ ಮೇಯ್ದು ಮುಗಿಸಿದ್ದವು. ಪರದೆ ಚದುರಂಗದ ಹಾಸಿನಂತೆ ಮಿನುಗಿತು. ಪಕ್ಕದ ಪಟ್ಟಿಯಲ್ಲಿ ಕುರಿಗಳ ಎಣಿಕೆ ಲಕ್ಷಕ್ಕೆ ಹಾರಿ, ಮರುಗಳಿಗೆ ಸೊನ್ನೆಗಿಳಿದು, ಅಲ್ಲಿಗೂ ನಿಲ್ಲದೆ ಕೆಳಕ್ಕೆ ಹೋಯಿತು.

"ಮೈನಸ್ ಕುರಿ" ಎಂದರು ರಾಯರು. "ಸೊನ್ನೆಗಿಂತ ಕಡಿಮೆ ಕುರಿ ಇರೋಕಾಗುತ್ತಾ?"

"ಯಾಕಾಗಲ್ಲ" ಎಂದರು ಲೆಕ್ಕದಮ್ಮ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವರಿಗೆ ಅರ್ಥವಾಗುವ ವಿಷಯ ಬಂದಿತ್ತು. "ನಮ್ಮ ಲೆಕ್ಕದಲ್ಲಿ ಪ್ರತಿ ವರ್ಷ ಇರುತ್ತೆ."

ಆಮೇಲೆ ಎಣಿಕೆಯ ಜಾಗದಲ್ಲಿ ಅಂಕಿಯೇ ಕಾಣಲಿಲ್ಲ. ಪರದೆ ಬೆಳ್ಳಗಾಯಿತು. ಒಂದು ಚುಕ್ಕೆ, ಒಂದು ಹುಳ, ಒಂದು ಬಾಲವೂ ಉಳಿಯದ ಬಿಳಿ. ಬಣ್ಣದಜ್ಜ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮೂಲೆಯಲ್ಲಿ ಯಂತ್ರ ಗುರುಗುಟ್ಟುತ್ತ ತನ್ನ ಕರ್ತವ್ಯ ಮಾಡುತ್ತಿತ್ತು. ಒಂದು ಕಡೆಯಿಂದ ಬಿಳಿ ಬಟ್ಟೆ ಒಳಕ್ಕೆ ಹೋಗಿ ಇನ್ನೊಂದು ಕಡೆಯಿಂದ ಬಿಳಿ ಬಟ್ಟೆಯಾಗಿ ಹೊರಬರುತ್ತಿತ್ತು, ಸ್ವಲ್ಪ ಬೆಚ್ಚಗಾಗಿ.

ದೊಡ್ಡಂಗಡಿಯಮ್ಮ ಒಳಗೆ ಬಂದದ್ದು ಆಗಲೇ. ಹಿಂದೆ ಯಜಮಾನರು. ಆಕೆಯ ಅಂಗಡಿಯಲ್ಲಿ ಸಿಕ್ಕದ ಬಟ್ಟೆ ಯಾವ ಮನೆಯ ಹಾಸಿಗೆಯನ್ನೂ ಏರುವುದಿಲ್ಲ ಎಂಬ ಮಾತಿತ್ತು. ಬಾಗಿಲು ಕಾಯುವವನು ಆಕೆಗೆ ಎಲ್ಲವನ್ನೂ ಹೇಳಿ, ತನ್ನ ಪಾಲಿನ ಚಿಟಿಕೆಯನ್ನೂ ಸೇರಿಸಿ ಕಳಿಸಿದ್ದ. ಆಕೆ ನೇರವಾಗಿ ಯಂತ್ರದ ಬಳಿ ಹೋಗಿ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿ ನೋಡಿದರು. ಯಜಮಾನರ ಮುಖ ತೊಟ್ಟಿಯ ಬಣ್ಣಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತಿತ್ತು.

"ನಿಮ್ಮ ಮಂದೆಯ ವಿಷಯ ಕೇಳಿದೆ" ಎಂದರು ಆಕೆ ರಾಯರಿಗೆ, ಮೆಲ್ಲಗೆ.

"ಎಲ್ಲ ಹೋದವು ಅಮ್ಮಾ" ಎಂದರು ರಾಯರು. ಅದು ನಿಜವೂ ಆಗಿತ್ತು. ಕಣ್ಣಲ್ಲಿ ನೀರು ಬಂದದ್ದೂ ನಿಜ. ಅವರು ಕಿಟಕಿಯನ್ನು ನೋಡುತ್ತಿದ್ದರು.

ಆಕೆ ಬಹಳ ಹೊತ್ತು ಬಿಳಿಯನ್ನು ನೋಡಿದರು. "ಅವು ಮೇಯ್ದು ಹೋದ ಬಯಲು ಇದು. ಅಲ್ವಾ? ಬೇರೆಯವರಾಗಿದ್ರೆ ಕುರಿ ಬರೆದುಬಿಡೋರು. ನೀವು ಏನೂ ಬರೀಲಿಲ್ಲ. ಎಷ್ಟು ಧೈರ್ಯ ಬೇಕು ಅದಕ್ಕೆ."

ರಾಯರು ಬಾಯಿ ತೆರೆದರು. ಯಜಮಾನರು ಅವರ ಕಾಲು ತುಳಿದು, ಇದೇ ತಮ್ಮ ಕಾರ್ಖಾನೆಯ ಉದ್ದೇಶವಾಗಿತ್ತು, ಈ ಮಟ್ಟಕ್ಕೆ ಬರಲು ಬೆಳಗಿನಿಂದ ನಾಲ್ಕು ಜನ ದುಡಿದಿದ್ದಾರೆ ಎಂದರು. ದೊಡ್ಡಂಗಡಿಯಮ್ಮ ಒಪ್ಪಿದರು. ಇನ್ನು ಮುಂದೆ ತಮ್ಮ ಅಂಗಡಿಗೆ ಇದೇ ಬರಲಿ ಎಂದರು. ಒಂದೇ ಷರತ್ತು, ಬಿಳಿ ಅಂದರೆ ಬಿಳಿ. ಸಾಸಿವೆಯಷ್ಟು ಕಲೆ ಕಂಡರೂ ಗಾಡಿ ಸಮೇತ ವಾಪಸ್ಸು.

ಆಕೆಯ ಗಾಡಿ ಹೊರಟ ಮೇಲೆ ಯಜಮಾನರು ಎಲ್ಲರನ್ನೂ ಕೋಣೆಗೆ ಕರೆಸಿದರು. ತಾವು ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂದು ಎಲ್ಲರೂ ನೋಡಬೇಕಾಗಿತ್ತು. ಗಂಟನ್ನು ತಾವೇ ಸ್ವಂತ ಕೈಯಿಂದ ಎತ್ತಿ ಕೆಳಗಿಟ್ಟು, ಕುರ್ಚಿಯ ಧೂಳು ಝಾಡಿಸಿ, "ಬನ್ನಿ, ಕೂತ್ಕೊಳ್ಳಿ" ಎಂದರು. ರಾಯರು ಕೂತರು. ಹೊಲದ ಕಡೆಯಿಂದ ಗಾಳಿ ಬಂದು ಎದೆಗೆ ತಾಗಿ, ಭುಜ ಬಳಸಿ, ಅಂಗಿಯೊಳಗೆ ಇಳಿದು ಬೆನ್ನನ್ನು ಸವರಿತು. ಅವರು ಕಣ್ಣು ಮುಚ್ಚಿದರು. ಬೆಳಿಗ್ಗೆಯಿಂದ ಯಾರ್ಯಾರೋ ಕರೆದರೂ ಬಾರದ ನಿದ್ದೆ ಈಗ ಓಡೋಡಿ ಬಂತು.

ಎಚ್ಚರವಾದದ್ದು ಟಪಟಪ ಸದ್ದಿಗೆ. ಭಾವಮೈದುನ ಕಿಟಕಿಯ ಗಾಜುಗಳನ್ನು ಕೀಳಿಸುತ್ತಿದ್ದ. ಕಿತ್ತು ಮುಗಿದ ಮೇಲೆ, ತುದಿಗೆ ಕೆಂಪು ಚಿಂದಿ ಕಟ್ಟಿದ ಉದ್ದನೆಯ ಗಳುವೊಂದನ್ನು ತಂದು ರಾಯರ ಕೈಗಿತ್ತ.

"ಇದೇನು?"

"ಗಳು" ಎಂದ ಭಾವಮೈದುನ. "ಇನ್ಮೇಲೆ ಬರೀ ಬಿಳಿ ಬಟ್ಟೆ ತಾನೆ. ನಕ್ಷೆ ಬರೆಯೋ ಕೆಲಸ ಏನಿದೆ? ಇಡೀ ಅಂಗಳ ಕಾಣೋದು ಇದೊಂದು ಕಿಟಕಿಯಿಂದ. ಹಕ್ಕಿ ಬಂದ್ರೆ ಬೀಸಿ. ಗಾಜಿದ್ರೆ ಗಳು ಹೊರಗೆ ಹೋಗಲ್ಲ ಅಂತ ಭಾವನೇ ಯೋಚನೆ ಮಾಡಿ ತೆಗೆಸಿದ್ದು."

ಜೀವಮಾನವೆಲ್ಲ ಬಟ್ಟೆಯ ಮೇಲೆ ಚುಕ್ಕೆ ಇಟ್ಟವರು ಹೀಗೆ ಚುಕ್ಕೆ ಬೀಳದಂತೆ ಕಾಯಲು ನೇಮಕವಾದರು. ಹೊತ್ತು ಇಳಿದು ಬಿಸಿಲು ಓರೆಯಾಗಿ ನೇರ ಮುಖಕ್ಕೆ ಹೊಡೆಯತೊಡಗಿತು. ಗಾಳಿಯೂ ಬಿತ್ತು. ಹಬೆ ಕೋಣೆಯ ಗೋಡೆಗೆ ಬೆನ್ನು ಮಾತ್ರ ಬೇಯುತ್ತಿತ್ತು ಎಂಬ ವಿಚಾರ ರಾಯರಿಗೆ ಆಗ ಹೊಳೆಯಿತು.

ಅಂಗಳದಲ್ಲಿ ಹೊಸದಾಗಿ ಒಗೆದ ಬಿಳಿ ಹಾಸುಗಳು ಸಾಲಾಗಿ ತೂಗುತ್ತಿದ್ದವು. ಮುಳ್ಳುಹಣ್ಣು ತಿಂದು ಹೊಟ್ಟೆ ತುಂಬಿದ ಹಕ್ಕಿಗಳು ಸಂಜೆಗೆ ತಂತಿಗೆ ಮರಳಿದವು. ರಾಯರು ಗಳು ಎತ್ತಿದರು. ಎತ್ತಿದವರು ಹಾಗೇ ನಿಂತರು. ಒಂದು ಹಕ್ಕಿ ಬಂದು ಕೂತಿತು. ಇನ್ನೊಂದು ಅದಕ್ಕೆ ತೀರ ಹತ್ತಿರ ಕೂತಾಗ ಮೊದಲನೆಯದು ಕುಕ್ಕಿತು, ಅದು ಕೊಂಚ ಸರಿದು ಕೂತಿತು. ನಡುವೆ ಜಾಗ ಹೆಚ್ಚಾದಲ್ಲಿ ಮೂರನೆಯದು ಬಂದು ತುಂಬಿಕೊಂಡಿತು. ಹತ್ತಿರ ಬಂದರೆ ಕುಕ್ಕು, ತೆರವಿದ್ದರೆ ತುಂಬು, ಅಷ್ಟೇ. ಪಕ್ಕದ ಹಕ್ಕಿಯನ್ನು ಬಿಟ್ಟು ಆಚೆಗೆ ಯಾವುದೂ ನೋಡಲಿಲ್ಲ. ನೋಡನೋಡುತ್ತ ತಂತಿಗಳೆಲ್ಲ ಅಳತೆ ಹಿಡಿದು ಪೋಣಿಸಿದ ಹಾಗೆ ತುಂಬಿದವು. ಕೆಳಗೆ ಸಂಜೆಗಾಳಿಗೆ ಹಾಸುಗಳು ನಿಧಾನವಾಗಿ ಹಿಂದಕ್ಕೆ ಮುಂದಕ್ಕೆ ತೂಗುತ್ತಿದ್ದವು. ಹಕ್ಕಿಗಳು ಉದುರಿಸಿದವು.

ಬಿಳಿಯ ಮೇಲೆ ನೇರಳೆ ಚುಕ್ಕೆಗಳು. ಒಂದು ಇನ್ನೊಂದಕ್ಕೆ ತಾಗಿರಲಿಲ್ಲ, ಒಂದರಿಂದೊಂದು ದೂರವೂ ಇರಲಿಲ್ಲ. ಕಣ್ಣು ಹಿಂಬಾಲಿಸಿದರೆ ಸಾಲು ಬಳುಕಿ ಇನ್ನೊಂದು ಸಾಲಿನೊಳಕ್ಕೆ ಹೋಗುತ್ತಿತ್ತು. ಬಟ್ಟೆ ಉಸಿರಾಡುತ್ತಿತ್ತು.

ರಾಯರ ಕೈಯಿಂದ ಗಳು ಜಾರಿ ಹೊರಗೆ ಬಿತ್ತು. ಮಗಳಿಗೆ ತೋರಿಸೋಣವೆಂದರೆ ಫೋನು ಆಗಲೇ ಸತ್ತಿತ್ತು. ಅವರು ಅಂಗಳಕ್ಕೆ ಓಡಿದರು. ಬಣ್ಣದಜ್ಜ ಅಲ್ಲೇ ನಿಂತು ನೋಡುತ್ತಿದ್ದ. "ಇದಕ್ಕೆ ನೇರಳೆ ಸರಿ" ಎಂದ ಅವನು. ಜೀವನದಲ್ಲಿ ಮೊದಲ ಬಾರಿಗೆ ಮುದುಕ ಸರಿಯಾದ ಮಾತು ಆಡಿದ್ದ, ಅದೂ ಹೊತ್ತು ಮೀರಿದ ಮೇಲೆ.

ಯಜಮಾನರು ಮನೆಗೆ ಹೊರಟವರು ಬಂದರು. ರಾಯರು ಅವರ ತೋಳು ಹಿಡಿದು ಹಾಸಿನ ಮುಂದೆ ನಿಲ್ಲಿಸಿದರು. "ನೋಡಿ. ನಿನ್ನೆಯದೇ. ಒಂದು ಚುಕ್ಕೆ ಆಚೀಚೆ ಇಲ್ಲ."

ಯಜಮಾನರು ನೋಡಿದರು. ಚುಕ್ಕೆಗಳನ್ನಲ್ಲ, ಚುಕ್ಕೆ ಬಿದ್ದ ಹಾಸುಗಳು ಎಷ್ಟು ಎಂಬುದನ್ನು. ಆಮೇಲೆ ರಾಯರ ಕೈಯನ್ನು ತಮ್ಮ ತೋಳಿನಿಂದ ಬಿಡಿಸಿದರು.

"ಕಿಟಕಿ ಕೊಡ್ತೀನಿ ಅಂದಿದ್ದೆ. ಕೊಟ್ಟೆ. ನಿಮ್ಮ ಋಣ ನಾನಂತೂ ಇಟ್ಕೊಂಡಿಲ್ಲ. ಬೆಳಗಾಗೋದ್ರೊಳಗೆ ಇವು ಬೆಳ್ಳಗಾಗಿರ್ಬೇಕು. ಬಕೆಟ್ಟು ತೊಟ್ಟಿ ಹತ್ರ ಇದೆ."

ಹಕ್ಕಿಗಳು ಹಾರಿಹೋದವು. ಜನರೂ ಹೋದರು. ರಾಯರು ಅಂಗಿಯ ತೋಳು ಮಡಿಸಿ, ಮೊದಲ ಹಾಸನ್ನು ಮೊಣಕಾಲ ಮೇಲೆ ಹರವಿಕೊಂಡು, ನಡುವಿನ ಒಂದು ಚುಕ್ಕೆಗೆ ಸೋಪು ಹಚ್ಚಿ ಉಜ್ಜತೊಡಗಿದರು. ಹಣ್ಣಿನ ಬಣ್ಣ, ಬಿಡುವ ಜಾತಿಯದಲ್ಲ. ಉಜ್ಜಿದಂತೆ ಚುಕ್ಕೆ ಉದ್ದವಾಯಿತು, ನಡುವೆ ಸೊಂಟ ಸಣ್ಣದಾಯಿತು, ನೋಡನೋಡುತ್ತ ಒಂದು ಎರಡಾಯಿತು.